ನಿಂತಿದ್ದ ಬೈಕ್ ಸರಿಯಾಗಿ ಓಡುತ್ತಿಲ್ಲವೇ? ಸ್ಕ್ರೂ ಮುಟ್ಟಬೇಡಿ, ಮೊದಲು ಕೊಳೆ ತೆಗೆಯಿರಿ

ತಿಂಗಳುಗಟ್ಟಲೆ ನಿಂತಿದ್ದ ಬೈಕ್ ಸ್ಟಾರ್ಟ್ ಏನೋ ಆಗುತ್ತದೆ. ಆದರೆ ಚೋಕ್ ತೆಗೆದ ಕೂಡಲೇ ಆಫ್. ಸ್ವಲ್ಪ ಆಕ್ಸಲರೇಟರ್ ಕೊಟ್ಟರೆ ಮುಗ್ಗರಿಸುತ್ತದೆ, ಜಾಸ್ತಿ ಕೊಟ್ಟರೆ ಮಾತ್ರ ಎಳೆಯುತ್ತದೆ. ಇಂಥ ಹೊತ್ತಿನಲ್ಲಿ ತುಂಬಾ ಜನ ಮೊದಲು ಕೈ ಹಾಕುವುದು ಕಾರ್ಬೊರೇಟರ್ ಸ್ಕ್ರೂಗಳಿಗೆ, ಅಂದರೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗದ ಸ್ಕ್ರೂಗಳಿಗೆ. ದಯವಿಟ್ಟು ಹಾಗೆ ಮಾಡಬೇಡಿ. ನಿಲ್ಲಿಸುವ ದಿನ ಗಾಡಿ ಚೆನ್ನಾಗಿ ಓಡುತ್ತಿತ್ತು ಅಲ್ವಾ? ಅಂದ ಮೇಲೆ ಟ್ಯೂನಿಂಗ್ ಸರಿಯಾಗಿಯೇ ಇತ್ತು. ನಿಂತ ಗಾಡಿಯ ಸ್ಕ್ರೂ ತಾನಾಗಿ ತಿರುಗುವುದಿಲ್ಲ. ಪೆಟ್ರೋಲ್ ಹಳಸಿರುತ್ತದೆ, ಕೊಳೆ ಕೂತಿರುತ್ತದೆ, ಬ್ಯಾಟರಿ ಇಳಿದಿರುತ್ತದೆ. ಇವಿಷ್ಟನ್ನು ಸರಿ ಮಾಡಿದರೆ ಹಳೆಯ ಸೆಟ್ಟಿಂಗ್‌ನಲ್ಲೇ ಎಂಜಿನ್ ನೆಟ್ಟಗಾಗುತ್ತದೆ.

ಕೆಲಸ ಗಾಳಿಯಾಡುವ ಜಾಗದಲ್ಲಿ ನಡೆಯಲಿ. ಹತ್ತಿರ ಬೆಂಕಿ, ಬೀಡಿ, ಸಿಗರೇಟು ಬೇಡವೇ ಬೇಡ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೂಬೇಡಿ, ಅದರ ಹೊಗೆ ಜೀವ ತೆಗೆಯಬಲ್ಲದು.

ಪೆಟ್ರೋಲ್‌ನಿಂದ ಶುರು ಮಾಡಿ

ಟ್ಯಾಂಕಿನಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ಬೆಳಕಿಗೆ ಹಿಡಿಯಿರಿ. ಬಣ್ಣ ಕಪ್ಪಾಗಿ, ವಾರ್ನಿಷ್ ತರಹದ ಹುಳಿ ವಾಸನೆ ಬರುತ್ತಿದ್ದರೆ ಅದು ಹಾಳಾಗಿದೆ. ಎಥನಾಲ್ ಬೆರೆಸಿದ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಬಾಟಲಿಯಲ್ಲಿ ಎರಡು ಪದರ ಕಂಡರೆ ಇದೇ ಆಗಿದೆ ಅಂತ ತಿಳಿಯಿರಿ. ಪೆಟ್ರೋಲ್ ಬಿಡುವ, ನಿಲ್ಲಿಸುವ ಕಾಕ್ ಕೂಡ ತಳದಲ್ಲೇ ಇರುವುದರಿಂದ ಎಂಜಿನ್‌ಗೆ ಮೊದಲು ಹೋಗುವುದು ಈ ನೀರೇ.

ಹಳೆಯದಕ್ಕೆ ಹೊಸದನ್ನು ಬೆರೆಸಿ ಹೇಗೋ ಓಡಿಸೋಣ ಅನ್ನುವ ಆಸೆ ಬಿಡಿ. ಪೂರ್ತಿ ಖಾಲಿ ಮಾಡಿ. ಟಾರ್ಚ್ ಬಿಟ್ಟು ಟ್ಯಾಂಕಿನ ಒಳಗೆ ತುಕ್ಕು ಇದೆಯೇ ನೋಡಿ. ಕಾಕ್‌ನ ಜಾಲರಿ ತೊಳೆದು ಹೊಸ ಪೆಟ್ರೋಲ್ ಹಾಕಿ. ತೆಗೆದ ಪೆಟ್ರೋಲನ್ನು ಚರಂಡಿಗೆ ಮಾತ್ರ ಸುರಿಯಬೇಡಿ.

ಬ್ಯಾಟರಿ, ಪ್ಲಗ್, ಫಿಲ್ಟರ್

12 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಮೀಟರ್ ಸುಮಾರು 12.6 ತೋರಿಸಬೇಕು. 12.4ಕ್ಕಿಂತ ಕಡಿಮೆ ಇದ್ದರೆ ಚಾರ್ಜಿಗೆ ಹಾಕಿ. ಕಿಕ್ ಹೊಡೆದು ಸ್ಟಾರ್ಟ್ ಮಾಡಿದರಾಯಿತು ಅಂದುಕೊಳ್ಳಬೇಡಿ. ಎಷ್ಟೋ ಬೈಕ್‌ಗಳಲ್ಲಿ ಕಿಡಿಗೂ ಬ್ಯಾಟರಿಯೇ ಆಧಾರ. ಅದು ಸೋತರೆ ಎಂಜಿನ್ ಮಿಸ್ ಹೊಡೆಯುತ್ತದೆ, ನಾವು ಸುಮ್ನೆ ಕಾರ್ಬೊರೇಟರ್ ಮೇಲೆ ಅನುಮಾನ ಪಡುತ್ತೇವೆ.

ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿ ತಿಳಿ ಕಂದು ಇದ್ದರೆ ಒಳ್ಳೆಯದು. ಮಸಿ ಕಟ್ಟಿದ್ದರೆ ಅಥವಾ ಪೆಟ್ರೋಲ್‌ನಲ್ಲಿ ನೆನೆದಿದ್ದರೆ ಹೊಸದು ಹಾಕಿ. ಇದು ಕಡಿಮೆ ಬೆಲೆಯ ಭಾಗ, ಇಲ್ಲಿ ಉಳಿತಾಯ ಬೇಡ. ಏರ್ ಫಿಲ್ಟರ್ ಡಬ್ಬಿಯನ್ನೂ ತೆರೆಯಿರಿ. ನಿಂತ ಗಾಡಿಯಲ್ಲಿ ಇಲಿ ಗೂಡು ಕಟ್ಟುವ ಜಾಗವೇ ಅದು.

ಕಾರ್ಬೊರೇಟರ್: ಚಿಕ್ಕ ತೂತಿನ ದೊಡ್ಡ ಕಾಟ

ಇಷ್ಟಾದ ಮೇಲೂ ಚೋಕ್ ತೆಗೆದರೆ ಆಫ್ ಆಗುತ್ತಿದೆ ಅನ್ನಿ. ಆಗ ಪೈಲಟ್ ಜೆಟ್ (ಪೆಟ್ರೋಲ್ ಹಾದುಹೋಗುವ ಸಣ್ಣ ತೂತಿನ ತುಂಡು) ಕಟ್ಟಿದೆ ಅಂತ ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಕಾರಣ ಸರಳ. ಕಾರ್ಬೊರೇಟರ್ ಕೆಳಗಿನ ಬಟ್ಟಲಿಗೆ ಗಾಳಿಯ ದಾರಿ ಇರುತ್ತದೆ. ಗಾಡಿ ನಿಂತಾಗ ಅಲ್ಲಿನ ಪೆಟ್ರೋಲ್ ನಿಧಾನಕ್ಕೆ ಆವಿಯಾಗಿ, ತಳದಲ್ಲಿ ಅಂಟು ಉಳಿಯುತ್ತದೆ. ಪೈಲಟ್ ಜೆಟ್‌ನ ತೂತು ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ಗಿಂತಲೂ ಸಣ್ಣದು. ಅದು ಮುಚ್ಚಲು ಒಂದು ತೆಳು ಪದರ ಸಾಕು. ಐಡಲಿಂಗ್‌ನಲ್ಲಿ, ಅಂದರೆ ಆಕ್ಸಲರೇಟರ್ ಬಿಟ್ಟು ಎಂಜಿನ್ ಸುಮ್ಮನೆ ಓಡುವಾಗ, ಮತ್ತು ಸ್ವಲ್ಪ ಆಕ್ಸಲರೇಟರ್ ಕೊಟ್ಟಾಗ ಪೆಟ್ರೋಲ್ ಬರುವುದು ಈ ದಾರಿಯಿಂದ. ಜಾಸ್ತಿ ಕೊಟ್ಟಾಗ ಕೆಲಸ ಮಾಡುವ ಮೇನ್ ಜೆಟ್‌ನ ತೂತು ದೊಡ್ಡದು, ಅದು ಬೇಗ ಕಟ್ಟುವುದಿಲ್ಲ. ಅದಕ್ಕೇ ವೇಗದಲ್ಲಿ ಸರಿಯಾಗಿ ಓಡುವ ಗಾಡಿ ಸಿಗ್ನಲ್‌ನಲ್ಲಿ ನಿಂತರೆ ಆಫ್ ಆಗುವುದು.

ಕಾಕ್ ಮುಚ್ಚಿ, ಬಟ್ಟಲಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಇಳಿಸಿ. ಕಾರ್ಬೊರೇಟರ್ ಬಿಚ್ಚುವ ಮೊದಲು ಪ್ರತಿ ಪೈಪ್‌ನ ಫೋಟೊ ತೆಗೆದಿಟ್ಟುಕೊಳ್ಳಿ. ಬಟ್ಟಲಿನ ಸ್ಕ್ರೂಗಳು ಮೆತ್ತಗಿರುತ್ತವೆ, ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಲ್ಲದಿದ್ದರೆ ತಲೆ ಸವೆದುಹೋಗುತ್ತದೆ. ಪೈಲಟ್ ಜೆಟ್ ಹಿತ್ತಾಳೆಯದು, ಅದರ ಮೇಲೂ ಬಲ ಹಾಕಬೇಡಿ.

ಜೆಟ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ತೂತು ಪೂರ್ತಿ ದುಂಡಗೆ ಕಾಣಬೇಕು. ಮಂಜಾಗಿ ಕಂಡರೂ ಅದು ಕಟ್ಟಿದೆ ಎಂದೇ ಲೆಕ್ಕ. ಕಾರ್ಬೊರೇಟರ್ ಕ್ಲೀನರ್‌ನಲ್ಲಿ ನೆನೆಹಾಕಿ, ಗಾಳಿ ಹೊಡೆಯಿರಿ. ಸೂಜಿ, ಉಕ್ಕಿನ ತಂತಿ ಚುಚ್ಚಿದರೆ ತೂತು ಹಿಗ್ಗಿ ಜೆಟ್ಟೇ ಹಾಳಾಗುತ್ತದೆ. ಬೇಕೇಬೇಕು ಅಂದರೆ ವಿದ್ಯುತ್ ವೈರಿನಿಂದ ಬಿಡಿಸಿದ ಒಂದೇ ಒಂದು ತಾಮ್ರದ ಎಳೆ ಬಳಸಿ.

ಜೆಟ್ ಒಂದನ್ನೇ ತೊಳೆದು ನಿಲ್ಲಿಸುವವರೇ ಜಾಸ್ತಿ. ಜೆಟ್ ಕೂರುವ ರಂಧ್ರದಿಂದ ಮುಂದಕ್ಕೂ ಸಣ್ಣ ದಾರಿಗಳಿವೆ, ಅಲ್ಲೂ ಅಂಟು ಇರುತ್ತದೆ. ಅವುಗಳನ್ನು ತೊಳೆಯಲು ಐಡಲಿಂಗ್‌ನಲ್ಲಿ ಪೆಟ್ರೋಲ್, ಗಾಳಿಯ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತೆಗೆಯಲೇಬೇಕು. ತೆಗೆಯುವ ಮೊದಲು ಅದನ್ನು ಮೆಲ್ಲಗೆ ಒಳಗೆ ತಿರುಗಿಸಿ, ತಳ ಮುಟ್ಟುವವರೆಗೆ ಎಷ್ಟು ಸುತ್ತು ಅಂತ ಎಣಿಸಿ ಬರೆದಿಡಿ. ಮರಳಿ ಹಾಕುವಾಗ ತಳ ಮುಟ್ಟಿಸಿ ಅಷ್ಟೇ ಸುತ್ತು ಹೊರಗೆ ತನ್ನಿ. ನಮ್ಮ ಹಳೆಯ ಟ್ಯೂನಿಂಗ್ ಉಳಿಯುವುದು ಈ ಲೆಕ್ಕದಿಂದ. ನಂತರ ಪ್ರತಿ ದಾರಿಗೂ ಕ್ಲೀನರ್ ಹೊಡೆದು, ಅದು ಇನ್ನೊಂದು ತುದಿಯಿಂದ ಹೊರಗೆ ಬರುತ್ತದೆಯೇ ನೋಡಿ. ಕನ್ನಡಕ ಹಾಕಿಕೊಳ್ಳಿ, ಕ್ಲೀನರ್ ತಿರುಗಿ ಕಣ್ಣಿಗೇ ಚಿಮ್ಮುತ್ತದೆ. ರಬ್ಬರ್ ಭಾಗಗಳನ್ನು ಮೊದಲೇ ತೆಗೆದಿಡಿ, ಕ್ಲೀನರ್ ತಾಗಿದರೆ ಉಬ್ಬುತ್ತವೆ. ಮೇಲ್ಭಾಗದಲ್ಲಿ ರಬ್ಬರ್ ಡಯಾಫ್ರಾಂ (ತೆಳು ಪರದೆ) ಇರುವ ಕಾರ್ಬೊರೇಟರ್ ಆದರೆ ಅದನ್ನು ಬೆಳಕಿಗೆ ಹಿಡಿದು ತೂತು ಹುಡುಕಿ. ಡಯಾಫ್ರಾಂ ತೂತಾಗಿದ್ದರೆ ಪಿಕಪ್ ಇರುವುದಿಲ್ಲ.

ಈಗಲೂ ಆಕ್ಸಲರೇಟರ್ ಬಿಟ್ಟಾಗ ಐಡಲಿಂಗ್ ಏರಿಳಿಯುತ್ತಿದ್ದರೆ ಎಲ್ಲೋ ಗಾಳಿ ನುಗ್ಗುತ್ತಿದೆ. ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಒಣಗಿ ಬಿರಿದಿರಬಹುದು. ಎಂಜಿನ್ ಐಡಲಿಂಗ್‌ನಲ್ಲಿದ್ದಾಗ ಆ ಜಾಗಕ್ಕೆ ಸ್ವಲ್ಪ ನೀರು ಚಿಮುಕಿಸಿ. ಎಂಜಿನ್ ಶಬ್ದ ಬದಲಾದರೆ ಸೋರಿಕೆ ಅಲ್ಲೇ ಇದೆ.

ಫ್ಯುಯೆಲ್ ಇಂಜೆಕ್ಷನ್ ಗಾಡಿಯಾದರೆ

ಇಲ್ಲಿ ಕಾರ್ಬೊರೇಟರ್ ಬದಲು ಪಂಪ್ ಒತ್ತಿದ ಪೆಟ್ರೋಲನ್ನು ಇಂಜೆಕ್ಟರ್ ಚಿಮ್ಮಿಸುತ್ತದೆ. ಜೆಟ್ ಇಲ್ಲ, ಆದರೆ ಹಳೆ ಪೆಟ್ರೋಲ್ ಮತ್ತು ಸೋತ ಬ್ಯಾಟರಿಯ ತೊಂದರೆ ಇನ್ನೂ ಜಾಸ್ತಿ. ಕೀ ಆನ್ ಮಾಡಿದಾಗ ಪಂಪ್ ಎರಡು ಮೂರು ಸೆಕೆಂಡ್ ಗುಂಯ್ ಅನ್ನಬೇಕು. ಸದ್ದಿಲ್ಲದಿದ್ದರೆ ಬ್ಯಾಟರಿ, ಫ್ಯೂಸ್ ನೋಡಿ, ಆಮೇಲೆ ಪಂಪ್. ಸದ್ದಿದ್ದೂ ಎಳೆಯದಿದ್ದರೆ ಹೊಸ ಪೆಟ್ರೋಲ್‌ಗೆ ಇಂಜೆಕ್ಟರ್ ಕ್ಲೀನರ್ ಬೆರೆಸಿ ಓಡಿಸಿ ನೋಡಬಹುದು. ಅದಕ್ಕೂ ಬಗ್ಗದಿದ್ದರೆ ಇಂಜೆಕ್ಟರನ್ನು ಯಂತ್ರದಲ್ಲೇ ತೊಳೆಸಬೇಕು.

ರಸ್ತೆಗಿಳಿಯುವ ಮೊದಲು

ಎಂಜಿನ್ ಸರಿಯಾಯಿತು ಅಂತ ಹಾಗೇ ಹೊರಡಬೇಡಿ. ಟೈರ್ ಗಾಳಿ ತುಂಬಿಸಿ, ಬದಿಗಳಲ್ಲಿ ಬಿರುಕು ಇದೆಯೇ ನೋಡಿ. ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ಹಿಡಿದುಕೊಂಡಿದ್ದರೆ ಗೊತ್ತಾಗುತ್ತದೆ. ಚೈನ್‌ಗೆ ಎಣ್ಣೆ ಬಿಡಿ. ಒಂದು ಸುತ್ತು ಓಡಿಸಿ ಎಂಜಿನ್ ಬಿಸಿಯಾದ ಮೇಲೆ ಆಯಿಲ್ ಬದಲಾಯಿಸಿ, ತಳದಲ್ಲಿ ಸೇರಿದ್ದ ತೇವ ಹಳೆಯ ಆಯಿಲ್ ಜೊತೆಗೇ ಹೊರಗೆ ಹೋಗುತ್ತದೆ.

ಮುಂದೆ ಮತ್ತೆ ಬಹಳ ದಿನ ನಿಲ್ಲಿಸಬೇಕಾದರೆ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ. ಬಟ್ಟಲಲ್ಲಿ ಉಳಿದದ್ದನ್ನು ಡ್ರೈನ್ ಸ್ಕ್ರೂನಿಂದ ಇಳಿಸಿ. ಟ್ಯಾಂಕ್ ಮಾತ್ರ ತುಂಬಿರಲಿ, ಖಾಲಿ ಜಾಗ ಬಿಟ್ಟಷ್ಟೂ ಒಳಗೆ ತುಕ್ಕು ಹಿಡಿಯುತ್ತದೆ.