ಓದುಗರು ಇಳಿದುಹೋದ ಜಾಗ

ಕತೆ ಓದುವ ಆ್ಯಪ್‌ನಲ್ಲಿ ಭಾಗ ಭಾಗವಾಗಿ ಹಾಕಿದ ನನ್ನ ಮೊದಲ ಧಾರಾವಾಹಿ ಹುಟ್ಟಿದ್ದು ಮುಂಬಯಿಯ ಲೋಕಲ್ ಟ್ರೇನಿನಲ್ಲಿ. 2019ರ ಮಾತು. ಮನೆ ಡೊಂಬಿವಲಿ, ಕೆಲಸ ಫೋರ್ಟ್‌ನಲ್ಲಿ ಲೆಕ್ಕ ಬರೆಯುವುದು. ಹೋಗೋಕೆ ಒಂದು ಗಂಟೆಗೂ ಜಾಸ್ತಿ, ಬರೋಕೆ ಮತ್ತೆ ಅಷ್ಟೇ. ಲೇಡೀಸ್ ಬೋಗಿಯಲ್ಲಿ ಕೂರಲು ಜಾಗ ಸಿಕ್ಕಿದ ದಿನ ಬರೆಯುತ್ತಿದ್ದೆ. ಸಿಗದ ದಿನ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಮೊಬೈಲ್, ಹಿಂದಿನ ದಿನ ಬರೆದದ್ದನ್ನು ಓದುತ್ತಿದ್ದೆ. ಆಗ ಫಾಸ್ಟ್ ಗಾಡಿಗಳು ಪಾರ್ಸಿಕ್ ಸುರಂಗದ ಒಳಗಿಂದ ಹೋಗುತ್ತಿದ್ದವು. ಒಳಗೆ ನೆಟ್‌ವರ್ಕ್ ಇರುತ್ತಿರಲಿಲ್ಲ. ಸುರಂಗ ದಾಟಿದ ಕೂಡಲೇ ಎಷ್ಟು ಜನ ಓದಿದ್ದಾರೆ ಅಂತ ನೋಡುವುದು ಚಟವೇ ಆಗಿತ್ತು.

ಕತೆ ಗಿರಿಜಕ್ಕನದು. ಕುಂದಾಪುರದ ಕಡೆಯವಳು, ಗಂಡ ತೀರಿಹೋದ ಮೇಲೆ ಮಾಟುಂಗಾದ ಒಂದು ಕೋಣೆಯಲ್ಲಿ ಅಡಿಗೆ ಮಾಡಿ ಆಫೀಸುಗಳಿಗೆ ಊಟದ ಡಬ್ಬಿ ಕಳಿಸುವವಳು. ಮೊದಲ ಭಾಗವನ್ನು 640 ಜನ ಓದಿದರು, ಎರಡನೆಯದನ್ನು 410 ಜನ. ಮೂರನೆಯದು 95ಕ್ಕೆ ನಿಂತಿತು. ಅಲ್ಲಿಂದ ಆ್ಯಪ್ ನನ್ನ ಕತೆಯನ್ನು ಯಾರಿಗೂ ತೋರಿಸಲೇ ಇಲ್ಲ ಅನ್ನಿಸಿತು. ನನಗೆ ಸಿಟ್ಟೇ ಬಂತು. ಇವರಿಗೆ ಬೇಕಾದವರನ್ನು ಮಾತ್ರ ಮೇಲೆ ಹಾಕುತ್ತಾರೆ ಅಂತ ನಂಬಿಬಿಟ್ಟೆ.

ಕಣ್ಣು ತೆರೆಸಿದ್ದು ಟ್ರೇನಿನ ಗೆಳತಿ, ಧಾರವಾಡದ ವೈನಿ. ಕುರ್ಲಾ ದಾಟುವಾಗ ಮೊಬೈಲ್ ನನ್ನ ಕೈಗೆ ಕೊಟ್ಟು, "ಮೂರನೇ ಭಾಗದಾಗ ನಿಮ್ಮ ಗಿರಿಜಕ್ಕ ಎಲ್ಲಿ ಹೋದ್ಲು ಅಂತ ಹುಡುಕಿ ಹುಡುಕಿ ಸಾಕಾತು ನೋಡ್ರಿ" ಅಂದರು. ನಾನು ಅಲ್ಲೇ ಬೆರಳಿನಿಂದ ಸರಿಸುತ್ತಾ ಎಣಿಸಿದೆ. ಗಿರಿಜಕ್ಕನ ಊರು, ಗದ್ದೆ, ಅಜ್ಜನ ಮನೆ, ಮಳೆಗಾಲ ಅಂತ 31 ಸಲ ಸರಿಸಿದ ಮೇಲೆ ಕತೆ ಮಾಟುಂಗಾಕ್ಕೆ ವಾಪಸ್ ಬರುತ್ತಿತ್ತು. ಬರೆಯುವಾಗ ನನಗೆ ಅದು ಅತಿ ಪ್ರೀತಿಯ ಭಾಗ. ನಿಂತುಕೊಂಡು ಓದುವವರಿಗೆ ಅದು ದಾರಿ ತಪ್ಪಿದ ಹಾಗೆ.

ಆ ರಾತ್ರಿ ಮೂರನೇ ಭಾಗವನ್ನು ಒಡೆದೆ. ಊರಿನ ನೆನಪುಗಳನ್ನು ಮುಂದಿನ ಭಾಗಗಳಿಗೆ ಸ್ವಲ್ಪ ಸ್ವಲ್ಪವೇ ಹಂಚಿದೆ. ಮೊದಲ ಭಾಗದ ಶುರುವನ್ನೂ ಬದಲಿಸಿದೆ. ಮುಂಚೆ ಅದು ಹೀಗಿತ್ತು: "ಮುಂಬಯಿ ಎಂಬ ಈ ಮಾಯಾನಗರಿಯಲ್ಲಿ ದಿನಾ ಎಷ್ಟೋ ಜೀವಗಳು ಬಂದು ಸೇರುತ್ತವೆ." ಇದನ್ನು ಯಾರು ಬೇಕಾದರೂ ಬರೆಯಬಹುದಿತ್ತು, ಅಲ್ವಾ? ಹೊಸದಾಗಿ ಬರೆದದ್ದು: "ಆ ದಿನ ಹದಿನೇಳನೇ ಡಬ್ಬಿ ತೆರೆಯದೆ ವಾಪಸ್ ಬಂತು." ಅನ್ನ ಮುಟ್ಟದೆ ಬಂದ ಡಬ್ಬಿಯನ್ನು ಗಿರಿಜಕ್ಕ ತೆರೆದು, ಸಾರು ಹಳಸಿದೆಯಾ ಅಂತ ಮೂಸಿ ನೋಡುತ್ತಾಳೆ. ಡಬ್ಬಿ ಯಾರದು, ಅವನಿಗೆ ಏನಾಯಿತು ಅನ್ನುವುದೇ ಮುಂದಿನ ಕತೆ. ಎರಡು ವಾರದಲ್ಲಿ ಮೂರನೇ ಭಾಗದ ಓದು 300 ದಾಟಿತು. ಆಮೇಲೆ ಕತೆ ಹೊಸಬರ ಮುಖಪುಟದಲ್ಲೂ ಕಾಣಿಸತೊಡಗಿತು.

ಯಾಕೆ ಹೀಗಾಯಿತು ಅಂತ ನಿಧಾನಕ್ಕೆ ತಿಳಿದುಕೊಂಡೆ. ಇಂಥ ಕಡೆ ಮುಖಪುಟ ಎಲ್ಲರಿಗೂ ಒಂದೇ ಅಲ್ಲ. ನನ್ನ ಮೊಬೈಲ್‌ನಲ್ಲಿ ಕಾಣುವುದು ಬೇರೆ, ವೈನಿಯ ಮೊಬೈಲ್‌ನಲ್ಲಿ ಬೇರೆ. ನಿಮ್ಮ ಹಾಗೆ ಓದುವವರು ಇನ್ನೇನು ಓದಿದರು ಅನ್ನುವುದನ್ನು ನೋಡಿ ಯಂತ್ರ ಕತೆ ಜೋಡಿಸುತ್ತದೆ. ಸುಮ್ನೆ ತೆರೆದು ಮುಚ್ಚಿದ್ದಕ್ಕೆ ಅಲ್ಲಿ ಬೆಲೆ ಕಡಿಮೆ. ಮೀಡಿಯಂ ಅನ್ನುವ ಬರಹಗಳ ತಾಣದಲ್ಲಿ ತೆರೆದವರ ಲೆಕ್ಕ ಬೇರೆ, ಓದಿದವರ ಲೆಕ್ಕ ಬೇರೆ. ಕನಿಷ್ಠ 30 ಸೆಕೆಂಡ್ ಇದ್ದರೆ ಮಾತ್ರ ಅದು ಓದು. ಧಾರಾವಾಹಿಯಲ್ಲಂತೂ ಒಂದು ಭಾಗ ಮುಗಿಸಿದವರು ಮುಂದಿನದನ್ನು ತೆರೆದರಾ ಅನ್ನುವುದೇ ದೊಡ್ಡ ಪ್ರಶ್ನೆ. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿಯಂಥ ಕತೆ ಆ್ಯಪ್‌ಗಳು ಬಂದ ಮೇಲೆ ಕನ್ನಡದಲ್ಲೂ ಮೊಬೈಲ್‌ಗೆ ಅಂತಲೇ ಭಾಗ ಭಾಗವಾಗಿ ಬರೆಯುವುದು ರೂಢಿಯಾಗಿದೆ. ಹಾಗಾಗಿ ಈ ಲೆಕ್ಕ ನಮಗೆಲ್ಲ ಗೊತ್ತಿರಲೇಬೇಕು.

ಮನುಷ್ಯರೇ ಆರಿಸುವ ದಾರಿ ಬೇರೆ. ಸ್ಪರ್ಧೆ, ಸಂಪಾದಕರ ಆಯ್ಕೆ, ಆ್ಯಪ್ ತೆರೆದಾಗ ಮೇಲೆ ಕಾಣುವ ಬ್ಯಾನರ್ ಇವೆಲ್ಲ ಅದರಲ್ಲಿ ಬರುತ್ತವೆ. ಮೀಡಿಯಂ 2023ರಲ್ಲಿ ತಂದ ಬೂಸ್ಟ್ ಇದೇ ಥರದ್ದು: ಅಲ್ಲಿನ ಪತ್ರಿಕೆಗಳನ್ನು ನಡೆಸುವ ಸಂಪಾದಕರು ಒಳ್ಳೆ ಬರಹ ಸೂಚಿಸುತ್ತಾರೆ, ಕಂಪನಿಯವರು ಓದಿ ಒಪ್ಪಿದರೆ ಅದು ಹೆಚ್ಚು ಜನಕ್ಕೆ ಹೋಗುತ್ತದೆ. ಮೊದಲ ವಾರ ಎಷ್ಟು ಜನ ಓದಿದರು ಅನ್ನುವುದಕ್ಕಿಂತ ಬರಹ ಹೇಗಿದೆ ಅನ್ನುವುದು ಇಲ್ಲಿ ಮುಖ್ಯ. ಸ್ಪರ್ಧೆಗೆ ಕಳಿಸುವಾಗ ನಾನು ಊರಿನ ಮಳೆಗಾಲವನ್ನು ತೆಗೆಯುವುದಿಲ್ಲ. ಅದನ್ನು ಕೂತು ಓದುವವರು ಅಲ್ಲಿರುತ್ತಾರೆ.

ಮಧ್ಯೆ ಒಂದು ತಪ್ಪು ಮಾಡಿದೆ. ವಾಟ್ಸಾಪ್‌ನಲ್ಲಿ ಬರಹಗಾರರ ಒಂದು ಗುಂಪಿತ್ತು. ನೀವು ನನ್ನ ಕತೆಗೆ ಐದು ಸ್ಟಾರ್ ಕೊಡಿ, ನಾನು ನಿಮ್ಮದಕ್ಕೆ ಕೊಡುತ್ತೇನೆ ಅನ್ನುವ ಒಪ್ಪಂದ. ಒಂದು ತಿಂಗಳು ಇದ್ದೆ. ಸ್ಟಾರ್ ಬಂದವು, ಓದು ಬರಲಿಲ್ಲ. ಅವರೆಲ್ಲ ತೆರೆದು, ಸ್ಟಾರ್ ಒತ್ತಿ, ಹತ್ತು ಸೆಕೆಂಡಿನಲ್ಲಿ ಹೋಗುತ್ತಿದ್ದರು. ನಾನೂ ಹಾಗೇ ಮಾಡಿದ್ದೆ, ಅದಕ್ಕೆ ಈಗಲೂ ಬೇಜಾರಿದೆ. ಅವರಲ್ಲಿ ಹೆಚ್ಚಿನವರು ದೆವ್ವದ ಕತೆ, ಪತ್ತೇದಾರಿ ಬರೆಯುವವರು. ನನ್ನ ಗಿರಿಜಕ್ಕನ ಕೆಳಗೆ "ಇದನ್ನೂ ಓದಿ" ಅಂತ ಸ್ಮಶಾನದ ಕತೆಗಳು ಬರತೊಡಗಿದವು. ಅಂದರೆ ಸ್ಮಶಾನದ ಕತೆ ಹುಡುಕುವವರಿಗೆ ಗಿರಿಜಕ್ಕನೂ ಕಾಣುತ್ತಿದ್ದಳು ಅಂತಲೇ ಅಲ್ವಾ? ಗುಂಪು ಬಿಟ್ಟೆ.

ಇದಕ್ಕಿಂತ ದೊಡ್ಡ ಪಾಠ ಬ್ಯಾನರ್‌ನಿಂದ ಸಿಕ್ಕಿತು. ಒಂದು ಆ್ಯಪ್‌ನವರು ನನ್ನ ಕತೆಯನ್ನು ಆರಿಸಿ ಮೇಲೆ ಹಾಕಿದರು. ಮನೆಯಲ್ಲಿ ಪಾಯಸ ಮಾಡಿದ್ದೆ. ಆದರೆ ಹಾಕಿದ್ದು "ಪ್ರೇಮ" ವಿಭಾಗದಲ್ಲಿ. ಚಿತ್ರ ಒಂದು ಹುಡುಗ, ಒಂದು ಹುಡುಗಿ, ಹಿಂದೆ ಸಮುದ್ರ. ನಾಲ್ಕು ದಿನದಲ್ಲಿ ಸಾವಿರಾರು ಜನ ಬಂದರು, ಮೊದಲ ಭಾಗದಲ್ಲೇ ಹೋದರು. "ಲವ್ ಎಲ್ಲಿದೆ ಮೇಡಂ?" ಅಂತ ಒಬ್ಬರು ಕೇಳಿದರು. ಅವರ ತಪ್ಪೇನಿಲ್ಲ, ಬೋರ್ಡ್ ನೋಡಿಯೇ ಒಳಗೆ ಬಂದಿದ್ದರು. ರೇಟಿಂಗ್ 4.7ರಿಂದ 3.9ಕ್ಕೆ ಇಳಿಯಿತು. ಒಂದು ವಾರ ನನಗೆ ಒಂದು ಸಾಲು ಬರೆಯಲೂ ಮನಸ್ಸಾಗಲಿಲ್ಲ.

ಆಮೇಲೆ ಅವರಿಗೆ ಬರೆದೆ. ದೂರು ಹೇಳುತ್ತಾ ಹೋಗಲಿಲ್ಲ. ಯಾವ ಭಾಗದಲ್ಲಿ ಎಷ್ಟು ಜನ ಬಿಟ್ಟರು ಅನ್ನುವ ಲೆಕ್ಕ ಇಟ್ಟೆ, ಬ್ಯಾನರ್‌ಗೆ ಮುಂಚಿನದು ಒಂದು ಸಾಲಿನಲ್ಲಿ, ನಂತರದ್ದು ಇನ್ನೊಂದರಲ್ಲಿ. ದಿನವೂ ಮಾಡುವ ಕೆಲಸವೇ ಅಲ್ವಾ ಅದು! "ಸಾಮಾಜಿಕ" ವಿಭಾಗಕ್ಕೆ ಬದಲಿಸಿ, ಊಟದ ಡಬ್ಬಿಯ ಚಿತ್ರ ಹಾಕಿ ಅಂತ ಕೇಳಿದೆ. ಹನ್ನೆರಡು ದಿನದ ಮೇಲೆ ಬದಲಿಸಿದರು. ಬ್ಯಾನರ್ ಅಷ್ಟರಲ್ಲಿ ಹೋಗಿಯಾಗಿತ್ತು. ಆದರೆ ಆಮೇಲೆ ಬಂದವರು ಉಳಿದರು. 22 ಭಾಗ ಪೂರ್ತಿ ಓದಿದವರು ಹೆಚ್ಚಾದದ್ದು ಆ ದಿನಗಳಲ್ಲೇ. ಈಗ ಹೊಸ ಕತೆ ಹಾಕುವಾಗ ವಿಭಾಗ, ಟ್ಯಾಗ್ (ಕತೆ ಯಾವುದರ ಬಗ್ಗೆ ಅಂತ ಹೇಳುವ ಗುರುತಿನ ಪದ), ಚಿತ್ರ ಮೂರಕ್ಕೂ ಒಂದು ಪೂರ್ತಿ ಸಂಜೆ ಕೊಡುತ್ತೇನೆ. ವಾಟ್‌ಪ್ಯಾಡ್ ಅನ್ನುವ ಕತೆ ಆ್ಯಪ್‌ನಲ್ಲಿ ಕತೆಗಳಿಗೆ ಟ್ಯಾಗ್ ಪ್ರಕಾರವೇ ಸ್ಥಾನ ಸಿಗುತ್ತದೆ. ಟ್ಯಾಗ್ ತಪ್ಪಿದರೆ ತಪ್ಪು ಸಾಲಿನಲ್ಲಿ ನಿಂತ ಹಾಗೆ.

ಆಯ್ಕೆಯ ಜೊತೆ ಒಪ್ಪಂದದ ಕಾಗದ ಬಂದರೆ ಖುಷಿಯಲ್ಲಿ ಕೂಡಲೇ ಸಹಿ ಹಾಕಬೇಡಿ. ಬೇರೆ ಕಡೆ ಪ್ರಕಟಿಸಬಹುದಾ, ಎಷ್ಟು ವರ್ಷದ ಹಕ್ಕು, ಆಡಿಯೋ ಮತ್ತು ಸಿನಿಮಾ ಹಕ್ಕು ಯಾರಿಗೆ, ಇಷ್ಟನ್ನಾದರೂ ನೋಡಿ. ಇಂಗ್ಲಿಷ್ ಕಷ್ಟವಾದರೆ ಗೊತ್ತಿರುವವರ ಹತ್ತಿರ ಓದಿಸಿ.

ಈಗ ಹೊಸ ಧಾರಾವಾಹಿ ಬರೆಯುತ್ತಿದ್ದೇನೆ. ಮಂಗಳವಾರ ಮತ್ತು ಶುಕ್ರವಾರ ರಾತ್ರಿ ಒಂಬತ್ತಕ್ಕೆ ಒಂದೊಂದು ಭಾಗ, ತಪ್ಪಿಸುವುದಿಲ್ಲ. ಕಾಯುವವರಿಗೆ ಕೊಟ್ಟ ಮಾತು ಅದು. ಹಾಕುವ ಮುಂಚೆ ಟ್ರೇನಿನಲ್ಲಿ ವೈನಿಗೆ ಓದಲು ಕೊಡುತ್ತೇನೆ. ಹೇಗಿದೆ ಅಂತ ಕೇಳುವುದಿಲ್ಲ, ಅವರ ಹೆಬ್ಬೆರಳನ್ನೇ ನೋಡುತ್ತಾ ಕೂರುತ್ತೇನೆ. ಕಳೆದ ಶುಕ್ರವಾರ ಠಾಣೆವರೆಗೆ ನಿಧಾನವಾಗಿ ಸರಿಯುತ್ತಿತ್ತು. ಮುಲುಂಡ್ ಹತ್ತಿರ ಬೆರಳು ಬೇಗ ಬೇಗ ಓಡಿತು, ಘಾಟ್ಕೋಪರ್ ಬರುವಾಗ ಮತ್ತೆ ನಿಂತಿತು. ಮುಲುಂಡ್ ಹತ್ತಿರ ಓಡಿದ ಆ ಎರಡು ಪ್ಯಾರಾಗಳನ್ನು ದಾದರ್ ಬರುವಷ್ಟರಲ್ಲಿ ತೆಗೆದೆ.