ಹಳೇ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದೀರಾ, ದಾರೀಲಿ ಆಫ್ ಆಗ್ತಿದ್ಯಾ? ಪಂಪ್ ಬಿಚ್ಚೋಕೆ ಮುಂಚೆ ಇಷ್ಟು ನೋಡಿ

ನಮ್ ಕಡೆ ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಇನ್ನೂ ಓಡ್ತಿರೋ ಹಳೇ ಸಿಜೆ-3ಬಿ ಜೀಪುಗಳಲ್ಲಿ ಕಂಪನಿಯಿಂದ ಬಂದ 2.2 ಲೀಟರ್ ಹರಿಕೇನ್ ಪೆಟ್ರೋಲ್ ಎಂಜಿನ್ ಉಳ್ಕೊಂಡಿರೋದು ಕಮ್ಮಿ, ಪೆಟ್ರೋಲ್ ಖರ್ಚು ತಡಿಯಕ್ಕಾಗ್ದೆ ಯಾವತ್ತೋ ಡೀಸೆಲ್ ಕೂರಿಸಿಬಿಟ್ಟಿರ್ತಾರೆ. ನಮ್ ಮನೇದೂ ಹಂಗೇ. ಎರಡು ಮಳೆಗಾಲ ಅದು ಘಾಟಿ ಮಧ್ಯ ಆಫ್ ಆಗಿ ಆಗಿ ಜೀವ ತಿಂತು, ನಾಜಲ್ಲಿಗೆ ಡೀಸೆಲ್ ತಳ್ಳೋ ಪಂಪ್ ಬಿಚ್ಚಿ ಕ್ಯಾಲಿಬ್ರೇಷನ್ ಮಾಡಿಸಿದ್ವಿ, ಎಂಜಿನ್ನೊಳಗೆ ಡೀಸೆಲ್ ಸಿಂಪಡಿಸೋ ಆ ನಾಜಲ್ಲೂ ಬದಲಾಯಿಸಿದ್ವಿ, ದುಡ್ಡು ಹೋಯ್ತೇ ಹೊರತು ಏನೂ ಸರಿಹೋಗ್ಲಿಲ್ಲ. ಕೊನೆಗೆ ತೊಂದರೆ ಸಿಕ್ಕಿದ್ದು ಟ್ಯಾಂಕಲ್ಲಿ. ಅದಕ್ಕೇ ಹೇಳ್ತಿದೀನಿ, ಎಂಜಿನ್ ಬದಲಾಯಿಸಿದ ಗಾಡೀಲಿ ಎಂಜಿನ್ ಮೇಲೆ ಆಮೇಲೆ ಅನುಮಾನ ಪಡಿ, ಮೊದ್ಲು ಹಳೇ ಗಾಡಿಗೂ ಈ ಎಂಜಿನ್ನಿಗೂ ಜೋಡಣೆ ಆಗಿರೋ ಜಾಗ ನೋಡಿ, ಅಂದ್ರೆ ಟ್ಯಾಂಕ್, ಪೈಪು, ವೈರು, ಅರ್ತ್.

ಹೆಂಗೆ ಆಫ್ ಆಗುತ್ತೆ ಅನ್ನೋದನ್ನ ಗಮನ ಇಟ್ಟು ನೋಡಿ. ಕೀ ತಿರುಗಿಸಿದಂಗೆ ಟಕ್ ಅಂತ ನಿಂತ್ರೆ ಸಾಮಾನ್ಯವಾಗಿ ಕರೆಂಟಿನ ಕಡೆ ತೊಂದರೆ. ಆರ್‌ಪಿಎಂ ಮೇಲೆ ಕೆಳಗೆ ಆಡ್ತಾ, ಪುಲ್ಲಿಂಗ್ ಬಿಟ್ಟು, ಆಮೇಲೆ ನಿಂತ್ರೆ ಡೀಸೆಲ್ ಸಾಲ್ತಿಲ್ಲ, ಇಲ್ಲಾ ಗಾಳಿ ಎಳ್ಕೊಳ್ತಿದೆ. ಕಪ್ಪು ಹೊಗೆ ಬಿಟ್ಕೊಂಡು ಏದುಸಿರು ಬಿಡ್ತಿದ್ರೆ ಏರ್ ಫಿಲ್ಟರ್ ತೆಗೆದು ನೋಡಿ, ಅದು ಐದು ನಿಮಿಷದ ಕೆಲಸ.

ಡೀಸೆಲ್ ಕಡೆ ಅನುಮಾನ ಬಂದ್ರೆ ನಾನು ಮೊದ್ಲು ಮಾಡ್ಸೋದು ಕ್ಯಾನ್ ಟೆಸ್ಟ್. ಐದು ಲೀಟರ್ ಕ್ಯಾನಲ್ಲಿ ಸೋಸಿದ ಡೀಸೆಲ್ ಹಾಕಿ, ಸೈಲೆನ್ಸರ್ ಪೈಪಿಂದ ದೂರ, ಅಲುಗಾಡದಂಗೆ ಗಟ್ಟಿಯಾಗಿ ಕಟ್ಟಿ, ಟ್ಯಾಂಕಿಂದ ಬರೋ ಪೈಪ್ ಬಿಚ್ಚಿ ಬೇರೆ ಹೊಸ ಹೋಸ್‌ನ ಫೀಡ್ ಪಂಪಿಗೆ (ಟ್ಯಾಂಕಿಂದ ಡೀಸೆಲ್ ಎಳ್ಕೊಳ್ಳೋ ಚಿಕ್ಕ ಪಂಪು) ಕೊಡಿ, ಮಿಕ್ಕಿದ ಡೀಸೆಲ್ ವಾಪಸ್ ತರೋ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಡಿ, ಲೈನಲ್ಲಿ ಸಿಕ್ಕಿರೋ ಏರ್ ತೆಗೆದು ಗಾಡಿ ಓಡ್ಸಿ. ಯಾವತ್ತೂ ನಿಲ್ತಿದ್ದ ದಾರೀಲೇ ಓಡಿಸ್ಬೇಕು, ಮನೆ ಮುಂದೆ ಹತ್ತು ನಿಮಿಷ ಐಡಲ್ ಬಿಟ್ರೆ ಏನೂ ಗೊತ್ತಾಗಲ್ಲ. ಕ್ಯಾನಲ್ಲಿ ಚೆನ್ನಾಗಿ ಓಡ್ತು ಅಂದ್ರೆ ಪಂಪ್, ನಾಜಲ್ ಮುಟ್ಟೋದೇ ಬೇಡ, ತೊಂದರೆ ಟ್ಯಾಂಕು, ಮುಚ್ಚಳ, ಲೈನು ಈ ಮೂರರಲ್ಲೇ ಇದೆ.

ಮುಚ್ಚಳದಿಂದ ಶುರು ಮಾಡಿ. ಗಾಡಿ ನಿಂತ ತಕ್ಷಣ ತೆಗೀರಿ, ಉಸ್ ಅಂತ ಗಾಳಿ ಒಳಗೆ ಹೋದ್ರೆ ಗಾಳಿ ತೂತು ಕಟ್ಕೊಂಡಿದೆ, ಅಥವಾ ಯಾರೋ ತೂತಿಲ್ದಿರೋ ಮುಚ್ಚಳ ಹಾಕಿದಾರೆ. ಆಮೇಲೆ ಟ್ಯಾಂಕು. ಸೀಟಿನ ಕೆಳಗಿರೋ ಆ ಟ್ಯಾಂಕ್ ಪೆಟ್ರೋಲ್ ಕಾಲದ್ದು, ಒಳಗೆ ತುಕ್ಕು, ತಳದಲ್ಲಿ ನೀರು, ನೀರು ನಿಂತ ಕಡೆ ಡೀಸೆಲ್ಲಲ್ಲಿ ಬೆಳೆಯೋ ಕಪ್ಪು ಲೋಳೆ. ನಮ್ಮದ್ರಲ್ಲಿ ಆಗ್ತಿದ್ದಿದ್ದು ಇದೇ, ಓಡ್ತಾ ಓಡ್ತಾ ಲೋಳೆ ಬಂದು ಎಳೆಯೋ ಪೈಪಿನ ಜಾಲರಿಗೆ ಅಂಟ್ಕೊಳ್ತಿತ್ತು, ಗಾಡಿ ನಿಂತ್ಮೇಲೆ ಉದುರ್ತಿತ್ತು, ಹತ್ತು ನಿಮಿಷ ಬಿಟ್ರೆ ಮತ್ತೆ ಸ್ಟಾರ್ಟ್, ಹಂಗಾಗಿ ಗ್ಯಾರೇಜಿಗೆ ತಗೊಂಡು ಹೋದಾಗೆಲ್ಲ ಸರಿಯಾಗೇ ಇರ್ತಿತ್ತು. ಟ್ಯಾಂಕ್ ಇಳಿಸಿ ತೊಳೆಯೋದು ಒಂದು ದಿನದ ಕೆಲಸ, ಬೇಜಾರು ಮಾಡ್ಕೋಬೇಡಿ.

ರಿಟರ್ನ್ ಲೈನ್ ಬಗ್ಗೆ ಸ್ವಲ್ಪ ಜಾಸ್ತೀನೇ ಹೇಳ್ಬೇಕು. ಆ ಪೆಟ್ರೋಲ್ ಎಂಜಿನ್ನಿಗೆ ಟ್ಯಾಂಕಿಗೆ ವಾಪಸ್ ಹೋಗೋ ಪೈಪೇ ಬೇಕಿರ್ಲಿಲ್ಲ, ಡೀಸೆಲ್ಲಿಗೆ ಬೇಕೇ ಬೇಕು, ಪಂಪಿಂದ ನಾಜಲ್ಲಿಂದ ಮಿಕ್ಕಿದ್ದು ಟ್ಯಾಂಕಿಗೇ ಹೋಗ್ಬೇಕು. ಕೆಲವರು ಟ್ಯಾಂಕಿಗೆ ಇನ್ನೊಂದು ತೂತು ಮಾಡೋ ಗೋಜು ಬೇಡ ಅಂತ ಒಂದು ಟಿ ಜಾಯಿಂಟ್ ಹಾಕಿ ರಿಟರ್ನನ್ನ ಫೀಡ್ ಲೈನಿಗೇ ಸೇರಿಸಿಬಿಡ್ತಾರೆ, ಆಗ ಬಿಸಿ ಡೀಸೆಲ್ಲೂ ಗಾಳಿ ಗುಳ್ಳೆನೂ ಅಲ್ಲೇ ಸುತ್ತುತ್ತೆ. ಹಂಗಿದ್ರೆ ತೆಗೆಸಿ, ಬೇರೇನೂ ಯೋಚ್ನೆ ಮಾಡ್ಬೇಡಿ.

ಟ್ಯಾಂಕಿಂದ ಫೀಡ್ ಪಂಪ್ ತನಕ ಡೀಸೆಲ್ ಹೋಗೋದು ಎಳೆತದಲ್ಲಿ, ಅಲ್ಲಿ ಬಿರುಕಿದ್ರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತೆ, ಅದಕ್ಕೇ ಕಣ್ಣಿಗೆ ಕಾಣಲ್ಲ. ಫಿಲ್ಟರ್ ಮುಂಚೆ ಅರ್ಧ ಅಡಿ ಪಾರದರ್ಶಕ ಹೋಸ್ ಹಾಕಿ ಎಂಜಿನ್ ಓಡ್ಸಿ, ಗುಳ್ಳೆ ಬರ್ತಾನೇ ಇದ್ರೆ ಹಳೇ ರಬ್ಬರ್ ಹೋಸ್, ಕ್ಲಿಪ್, ಬ್ಯಾಂಜೋ ಬೋಲ್ಟಿನ (ಪೈಪ್ ಜೋಡಿಸೋ, ಒಳಗೆ ತೂತಿರೋ ಬೋಲ್ಟು) ತಾಮ್ರದ ವಾಷರ್ ಒಂದೊಂದಾಗಿ ಬದಲಾಯಿಸಿ.

ಇನ್ನು ಟಕ್ ಅಂತ ನಿಲ್ಲೋ ಗಾಡಿ. ಪಂಪಲ್ಲಿ ಎಂಜಿನ್ ನಿಲ್ಸೋಕೆ ಕೈಯಲ್ಲಿ ಎಳೆಯೋ ಸ್ಟಾಪರ್ ಕೇಬಲ್ ಇದ್ರೆ ಕರೆಂಟ್ ಬಿಡಿ, ಕೇಬಲ್ ಅರ್ಧ ಎಳ್ಕೊಂಡು ಕಚ್ಚಿದ್ಯಾ ನೋಡಿ. ಸೊಲೆನಾಯ್ಡ್ (ಕರೆಂಟ್ ಇರೋ ತನಕ ಡೀಸೆಲ್ ದಾರಿ ತೆರೆದಿಡೋ ವಾಲ್ವ್) ಇದ್ರೆ ಎಂಜಿನ್ ಓಡ್ತಿರುವಾಗ ಅದರ ಟರ್ಮಿನಲ್ಲಿಗೆ ಮಲ್ಟಿಮೀಟರ್ ಹಿಡೀರಿ, ಬ್ಯಾಟರಿ ವೋಲ್ಟೇಜಿಗಿಂತ ಅರ್ಧ ವೋಲ್ಟಿಗೂ ಜಾಸ್ತಿ ಕಮ್ಮಿ ಬಂದ್ರೆ ಹಳೇ ಇಗ್ನಿಷನ್ ಸ್ವಿಚ್ಚೋ ವೈರೋ ಸುಸ್ತಾಗಿದೆ. ಎಂಜಿನ್ನಿಂದ ಚಾಸಿಗೆ ದಪ್ಪ ಅರ್ತ್ ಪಟ್ಟಿ ಇದ್ಯಾ ಅಂತಾನೂ ನೋಡಿ, ಎಂಜಿನ್ ಕೂರಿಸುವಾಗ ಮರೆತುಹೋಗೋದು ಇದೇ, ಮೌಂಟಿನ ರಬ್ಬರ್ ಕರೆಂಟ್ ಬಿಡಲ್ಲ. ಪರೀಕ್ಷೆಗೆ ಬ್ಯಾಟರಿಯಿಂದ ಫ್ಯೂಸ್ ಹಾಕಿದ ವೈರನ್ನ ನೇರ ಸೊಲೆನಾಯ್ಡಿಗೆ ಕೊಟ್ಟು ಓಡಿಸ್ಬಹುದು, ಆದ್ರೆ ಆಗ ಕೀ ತೆಗೆದ್ರೂ ಎಂಜಿನ್ ನಿಲ್ಲಲ್ಲ, ಆ ವೈರ್ ಕಿತ್ರೇನೇ ನಿಲ್ಲೋದು, ಸ್ಟೇರಿಂಗ್ ಹಿಡಿಯೋರಿಗೆ ಮೊದ್ಲೇ ಹೇಳಿಡಿ.

ಇಷ್ಟೆಲ್ಲ ಸರಿ ಇದ್ದೂ ಬಿಸಿಯಾದ್ಮೇಲೆ ಮಾತ್ರ ನಿಂತು, ಸ್ಟಾರ್ಟ್ ಆಗ್ದೆ ಸತಾಯಿಸೋದು ರೋಟರಿ ಪಂಪ್ (ಒಳಗೆ ತಿರುಗ್ತಾ ಒಂದೇ ಹೆಡ್ಡಿಂದ ಎಲ್ಲ ನಾಜಲ್ಲಿಗೂ ಡೀಸೆಲ್ ಹಂಚೋ ಪಂಪು) ಆದ್ರೆ, ಅದರ ಮೇಲೆ ಒದ್ದೆ ಬಟ್ಟೆ ಹಾಕಿ ಸ್ವಲ್ಪ ತಣ್ಣಗಾಗಕ್ಕೆ ಬಿಡಿ. ತಣ್ಣಗಾದ ತಕ್ಷಣ ಸ್ಟಾರ್ಟ್ ಆದ್ರೆ ಪಂಪಿನ ಹೆಡ್ ಸವೆದಿದೆ, ಈಗ ಅದನ್ನ ಬಿಚ್ಚಿಸಿ ಪಂಪ್ ರಿಪೇರಿಯವರ ಹತ್ರ ತಗೊಂಡು ಹೋಗಿ.