ಮುತ್ಯಾನ ಹುಟ್ಟು ಸಿಕ್ಕಿದ್ದು ಅವರಪ್ಪನ ಪೌತಿ ಕಾಗದದಲ್ಲಿ: ನನ್ನ ಅನುಭವ

ನಮ್ಮ ಮುತ್ಯಾ, ಅಂದರೆ ಅಜ್ಜ, ಯಾವ ವರ್ಷ ಹುಟ್ಟಿದರು ಅನ್ನೋದೊಂದೇ ನನಗೆ ಬೇಕಿತ್ತು. ಜನನ ರಜಿಸ್ಟರಿನ ಹಿಂದೆ ಬಿದ್ದು ಎರಡು ವರ್ಷ ಕಳೆದೆ. ಗ್ರಾಮ ಆಡಳಿತಾಧಿಕಾರಿ ಕಡೆಯಿಂದ ತಹಸೀಲಿಗೆ, ಅಲ್ಲಿಂದ ಮತ್ತೆ ಊರಿಗೆ. ಎಲ್ಲಿ ಹೋದರೂ ಒಂದೇ ಮಾತು: "ಅಷ್ಟು ಹಳೇದು ಇಲ್ರಿ ಸರ್. ಬೇಕಿದ್ರ ಸಿಗಲಿಲ್ಲ ಅಂತ ಬರ್ದು ಕೊಡ್ತೀವಿ." ಅವರದ್ದೂ ತಪ್ಪಲ್ಲ. ಜನನ ಮರಣ ನೋಂದಣಿ ಕಾಯ್ದೆ 1969ರದ್ದು, ಜಾರಿಗೆ ಬಂದದ್ದು 1970ರ ಏಪ್ರಿಲ್‌ನಲ್ಲಿ. ನಮ್ಮೂರಿನ ರಜಿಸ್ಟರ್ ಅದಕ್ಕಿಂತ ಹಿಂದಕ್ಕೆ ಹೋಗುವುದೇ ಇಲ್ಲ.

ಆಮೇಲೆ ದಾರಿ ಬದಲಿಸಿದೆ. ಹೈದರಾಬಾದ್ ನಿಜಾಮನ ಕಾಲದಲ್ಲಿ ನಮ್ಮ ಕಡೆ ಹುಟ್ಟಿದವರನ್ನು ಸರಿಯಾಗಿ ಬರೆದಿಟ್ಟವರು ಕಡಿಮೆ, ಆದರೆ ಪಟ್ಟೇದಾರ, ಅಂದರೆ ಹೊಲ ಯಾರ ಹೆಸರಿನಲ್ಲಿದೆಯೋ ಅವನು, ಸತ್ತರೆ ಬರೆಯದೇ ಬಿಟ್ಟಿಲ್ಲ. ಕಂದಾಯ ಯಾರ ಹೆಸರಿನಲ್ಲಿ ವಸೂಲು ಮಾಡಬೇಕು ಅನ್ನೋದು ಸರ್ಕಾರಕ್ಕೆ ಬೇಕಿತ್ತಲ್ಲ. ನಾವು ಇವತ್ತಿಗೂ ಪೌತಿ ಖಾತೆ ಅಂತೀವಿ, ಅದು ಉರ್ದುವಿನ ಫೌತ್, ಅಂದರೆ ಸಾವು. ವಾರಸಾ ಬದಲಾವಣೆಯ ಹಳೇ ಕಡತಕ್ಕೆ ವಿರಾಸತ್ ಅಂತ ಹೆಸರು. ಮುತ್ಯಾನ ಅಪ್ಪನ ವಿರಾಸತ್ ಕಡತ ಸಿಕ್ಕರೆ ಮಕ್ಕಳ ಹೆಸರು, ವಯಸ್ಸು ಅದರಲ್ಲಿ ಇರಲೇಬೇಕು ಅಂತ ನನ್ನ ಲೆಕ್ಕ. ಕಾಕಾನ ಮಗ ಕೇಳಿ ಹೇಳಿದ: "ಅಣ್ಣಾ, ಹುಟ್ಟಿದ್ದು ಹುಡುಕ್ಲಿಕ್ಕ ಹೋಗಿ ಹೊಲದ ಕಾಗದ ತರ್ತೀಯೇನು? ಪಾಲು ಕೇಳ್ಲಿಕ್ಕ ಬಂದಾನ ಅಂತಾರ ಮಂದಿ." ಮಂದಿ ಅಂದದ್ದೂ ಅದನ್ನೇ. ಊರಲ್ಲಿ ಇಬ್ಬರು ಮೂರು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಇಸವಿಯಲ್ಲಿ. ಮನೆಯ ಟ್ರಂಕಿನಲ್ಲಿ ಕಂದಾಯದ ಒಂದು ರಸೀದಿ ಇತ್ತು. ಅದರ ಮೇಲೆ ಅವರಪ್ಪನ ಹೆಸರು, ಪಕ್ಕದಲ್ಲಿ "ಫೌತ್", ಕೆಳಗೆ ಉರ್ದು ಅಂಕಿಯಲ್ಲಿ 1350. ಓದಿಕೊಟ್ಟವರು ಹಿಜ್ರಿ ಅಂದರು. ಹಿಜ್ರಿ 1350 ಅಂದರೆ 1931-32. ಅದನ್ನೇ ನಂಬಿ ಆ ಸುಮಾರಿನ ಕಡತ ತೆಗೆಸಲು ಒಬ್ಬ ಮಧ್ಯಸ್ಥನಿಗೆ ನಾಲ್ಕು ಸಾವಿರ ಕೊಟ್ಟೆ. ಕಡತ ಬರಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ. ಒಂದು ರಾತ್ರಿ ಕೂತು ಮನೆಯವರ ವಯಸ್ಸು ಕೂಡಿಸಿದಾಗ ಎದೆ ಧಸಕ್ಕೆಂದಿತು. 1931 ಆದರೆ ಮುತ್ಯಾನ ತಮ್ಮ ಹುಟ್ಟುವುದಕ್ಕಿಂತ ಐದಾರು ವರ್ಷ ಮೊದಲೇ ಅವರಪ್ಪ ತೀರಿಕೊಂಡಂತೆ ಆಗುತ್ತಿತ್ತು. ಅದು ಹಿಜ್ರಿ ಅಲ್ಲ, ಫಸಲಿ, ಅಂದರೆ ಕಂದಾಯದ ಲೆಕ್ಕಕ್ಕೆ ಹಿಡಿಯುತ್ತಿದ್ದ ಇಸವಿ. ಹೈದರಾಬಾದ್ ಫಸಲಿಗೆ 590 ಕೂಡಿಸಬೇಕು: 1350 ಅಂದರೆ 1940ರ ಅಕ್ಟೋಬರ್‌ನಿಂದ 1941ರ ಅಕ್ಟೋಬರ್‌ವರೆಗೆ. ಒಂಬತ್ತು ವರ್ಷದ ಫರಕು. ಕಂದಾಯದ ಕಾಗದದಲ್ಲಿ ಬರೀ ಇಸವಿ ಇದ್ದು ಬೇರೇನೂ ಬರೆದಿರದಿದ್ದರೆ ಮೊದಲು ಫಸಲಿ ಅಂತಲೇ ಹಿಡಿದು ಲೆಕ್ಕ ಹಾಕಿ. ಅಜೂರ್, ದಯಿ, ಬಹಮನ್ ಅಂತ ತಿಂಗಳ ಹೆಸರು ಕಂಡರೆ ಸಂಶಯವೇ ಬೇಡ. ಉರ್ದು ಅಂಕಿಯಲ್ಲಿ 2 ಮತ್ತು 3ಕ್ಕೆ ಒಂದು ಗೀಟಿನಷ್ಟೇ ವ್ಯತ್ಯಾಸ, ಜೆರಾಕ್ಸಿನಲ್ಲಿ ಆ ಗೀಟು ಹಾರಿಹೋಗುತ್ತದೆ. ಮೂಲ ಕಾಗದವನ್ನು ಕಣ್ಣಾರೆ ನೋಡದೆ ವರ್ಷ ಬರೆದುಕೊಳ್ಳಬೇಡಿ.

ಎರಡನೇ ಸಲ ನಾನೇ ರೆಕಾರ್ಡ್ ರೂಮಿಗೆ ಹೋದೆ. ರಸೀದಿಯ ಒಂದು ಅಂಕಿಯನ್ನು ನಂಬಿ ಮತ್ತೆ ಕೆಡುವುದು ಬೇಡ ಅಂತ ವರ್ಷವನ್ನು ಪಹಣಿಯಿಂದ ಗಟ್ಟಿ ಮಾಡಿಕೊಂಡೆ. 1954-55ರ ಖಾಸರಾ ಪಹಣಿಯಲ್ಲಿ ಮುತ್ಯಾ ಮತ್ತು ಅವರ ತಮ್ಮನ ಹೆಸರಿದೆ, ಸೇತವಾರಿನಲ್ಲಿ, ಅಂದರೆ ಹಳೇ ಸರ್ವೆ ನಂಬರುಗಳ ಪುಸ್ತಕದಲ್ಲಿ, ಅವರಪ್ಪನ ಹೆಸರಿದೆ. ನಡುವಿನ ಪಹಣಿಗಳನ್ನೆಲ್ಲ ತೆಗೆಸಿದರೆ ನಕಲಿನ ಖರ್ಚಿಗೇ ಮುಗಿದುಹೋಗುತ್ತಿದ್ದೆ. ಫಸಲಿ 1345 ತೆಗೆಸಿದೆ, ಹಳೇ ಹೆಸರು. 1353 ತೆಗೆಸಿದೆ, ಹೊಸ ಹೆಸರು. ಹೀಗೆ ನಡುವೆ ನಡುವೆ ಇಳಿಯುತ್ತಾ ಐದಾರು ಪುಸ್ತಕದಲ್ಲಿ ಕೆಲಸ ಮುಗಿಯಿತು, ಹೆಸರು ಬದಲಾಗಿದ್ದು 1351ರಲ್ಲಿ. ಅದಕ್ಕೆ ಒಂದೆರಡು ವರ್ಷ ಹಿಂದಿನ ವಿರಾಸತ್ ಕಟ್ಟು ಕೇಳಿದೆ. ಹಳ್ಳಿ ಹೆಸರಿನಲ್ಲಿ ಹುಡುಕಿದರೆ ಸಿಗದ ಕಟ್ಟನ್ನು ಸಿಬ್ಬಂದಿಯಿಂದ ಹೇಗೆ ತೆಗೆಸಬೇಕು ಅನ್ನೋದಕ್ಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಅದು ನಾಳೆಯಿಂದ ನಡೆಯುವುದಿಲ್ಲ.

ಕಟ್ಟಿನ ಕೆಂಪು ಬಟ್ಟೆ ಬಿಚ್ಚಿದಾಗ ಹುಳ ತಿಂದ ಅಂಚು ಪುಡಿಪುಡಿಯಾಗಿ ಟೇಬಲ್ಲಿಗೆ ಉದುರಿತು. ಒಳಗೆ ಮೂರು ಹಾಳೆ. ಪಟವಾರಿಯ (ಶಾನುಭೋಗನ) ವರದಿ, ಪಂಚರ ಹೇಳಿಕೆ, ತಹಸೀಲದಾರರ ಹುಕುಂ. ಶಿಕಸ್ತಾ ಬರಹ, ಅಂದರೆ ಅವಸರದ ಮುರುಕು ಉರ್ದು ಅಕ್ಷರ. ಹಣದ ಲೆಕ್ಕ ಪೂರಾ ರಖಮಿನಲ್ಲಿ, ಅಂದರೆ ಅಂಕಿಯ ಬದಲು ಹಾಕುತ್ತಿದ್ದ ಗುರುತುಗಳಲ್ಲಿ. ನಿವೃತ್ತ ಉರ್ದು ಮಾಸ್ತರರೊಬ್ಬರು ಹಾಳೆಗೆ ಮುನ್ನೂರು ರೂಪಾಯಿಯಂತೆ ಓದಿಕೊಟ್ಟರು. ಅವರು ಓದುವಾಗ ನೀವು ಪಕ್ಕದಲ್ಲೇ ಕೂತಿರಬೇಕು. ಉರ್ದುವಿನಲ್ಲಿ ಹ್ರಸ್ವ ಸ್ವರ ಬರೆಯುವುದಿಲ್ಲ, ಹಾಗಾಗಿ ನಮ್ಮ ಹೆಸರುಗಳು ಅವರ ಬಾಯಲ್ಲಿ ತಿರುಗಿಹೋಗುತ್ತವೆ. ಸಿದ್ದವ್ವ ಅನ್ನೋದನ್ನು ಸದವಾ ಅಂತಾರೆ, ಮಲ್ಲಪ್ಪನನ್ನು ಮಿಲಪಾ ಅಂತಾರೆ. ಅವರು ಅಕ್ಷರ ಹೇಳಬೇಕು, ಹೆಸರು ನಾವು ಹಿಡಿಯಬೇಕು.

ವರದಿಯ ಪ್ರಕಾರ ಅವರಪ್ಪ ತೀರಿಕೊಂಡದ್ದು 1350ರ ಬಹಮನ್ ತಿಂಗಳಲ್ಲಿ, ಅಂದರೆ ಡಿಸೆಂಬರ್ ಹೊತ್ತಿಗೆ. ಆಯಿ, ಮುತ್ಯಾನ ಹೆಂಡತಿ, ಬದುಕಿದ್ದಾಗ ಯಾವಾಗಲೂ ಹೇಳುತ್ತಿದ್ದಳು: "ನಮ್ಮ ಮಾವ ಎಳ್ಳಮಾಸಿ ದಿನ ಹೊಲದಾಗ ಚರಗ ಚೆಲ್ಲಿ ಬಂದವರು, ಮರುದಿನ ಏಳಲೇ ಇಲ್ಲಂತ." ಆ ವರ್ಷದ ಎಳ್ಳಮಾವಾಸ್ಯೆ ಬಂದದ್ದು 1940ರ ಡಿಸೆಂಬರ್ ಕೊನೆ ವಾರದಲ್ಲಿ. ಹಳೇ ಪಂಚಾಂಗ ನೋಡಿ ಅದನ್ನು ಕೂಡಿಸಿದಾಗ ಮಾಸ್ತರರ ಮನೆಯಲ್ಲೇ ನನ್ನ ಕಣ್ಣು ತುಂಬಿದವು. ವಾರಸದಾರರ ಸಾಲಿನಲ್ಲಿ ಇಬ್ಬರು ನಾಬಾಲಿಗರು, ಅಂದರೆ ವಯಸ್ಸಿಗೆ ಬಾರದವರು: ದೊಡ್ಡವನಿಗೆ 7 ವರ್ಷ, ಸಣ್ಣವನಿಗೆ 3. ದೊಡ್ಡವನೇ ನಮ್ಮ ಮುತ್ಯಾ, ಅಂದರೆ ಹುಟ್ಟಿದ್ದು 1933ರ ಆಸುಪಾಸು. ಶಾಲೆಯ ದಾಖಲಾತಿಯಲ್ಲಿ 1-6-1930 ಅಂತಿತ್ತು. ಜೂನ್ 1 ಕಂಡರೆ ಅದು ಹೆಡ್ ಮಾಸ್ತರರು ಕೊಟ್ಟ ಜನ್ಮದಿನ ಅಂತ ನಮಗೆಲ್ಲ ಗೊತ್ತೇ ಇದೆ.

ಆದರೆ ದೊಡ್ಡ ಸಂಪತ್ತು ಬೇರೆ ಇತ್ತು. ಆ ಮಕ್ಕಳಿಗೆ ವಲಿ, ಅಂದರೆ ಪೋಷಕಿ, ಅಂತ ಅವರ ತಾಯಿಯ ಹೆಸರು ಬರೆದಿದ್ದರು. ಮನೆಯಲ್ಲಿ ಆಕೆಯನ್ನು ಎಲ್ಲರೂ ದೊಡ್ಡಾಯಿ ಅಂತಲೇ ಕರೆದವರು, ನಿಜವಾದ ಹೆಸರು ಒಬ್ಬರಿಗೂ ನೆನಪಿರಲಿಲ್ಲ. ಹೆಸರಿನ ಪಕ್ಕ ಹೆಬ್ಬೆಟ್ಟಿನ ಗುರುತು, ನೀಲಿ ಮಸಿ, ಇನ್ನೂ ಗೆರೆಗಳು ಎದ್ದು ಕಾಣುತ್ತವೆ. ಹೆಸರನ್ನು ಹೊರಗೆ ಹಾಕಬೇಡ ಅಂತ ಅಪ್ಪ ಹೇಳಿದ್ದಾರೆ, ಅದಕ್ಕೇ ಇಲ್ಲಿ ಬರೆದಿಲ್ಲ. ಜಮೀನಿಲ್ಲದ ಹೆಣ್ಣುಮಗಳು ಕಾಗದದಲ್ಲಿ ಸಿಗೋದೇ ಇಲ್ಲ ಅನ್ನುವವರು ಗಂಡ ಸತ್ತಾಗಿನ ಇಂಥ ಕಡತವನ್ನು ಒಮ್ಮೆ ತೆಗೆಸಿ ನೋಡಬೇಕು.

ಹೆಸರು ಸಿಕ್ಕ ಮೇಲೆ ಆಕೆಯ ತವರು ಹುಡುಕುವ ಹುಚ್ಚು ಹತ್ತಿತು. ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆದು, ಕೊರೆದ ಅಕ್ಷರದ ಮೇಲೆ ಸುಣ್ಣದ ಪುಡಿ ತಿಕ್ಕಿ ಒರೆಸಿದೆ. ಹದಿನೇಳು ಪಾತ್ರೆಯಲ್ಲಿ ಮೂರಕ್ಕೆ ಹೆಸರಿತ್ತು, ಒಂದು ತಂಬಿಗೆಯ ಮೇಲೆ ಆಕೆಯದೇ ಹೆಸರು, ಜೊತೆಗೆ ಊರು. ಸುಗ್ಗಿ ಮುಗಿದ ಮೇಲೆ ಎತ್ತು ಹೊಡಕೊಂಡು ಬಂದು ಮನೆತನದ ವಂಶಾವಳಿ ಹೇಳುವ ಹೆಳವರನ್ನು ಕೂಡಿಸಿಕೊಂಡು ಓದಿಸಿದೆ. ಏಳು ತಲೆಮಾರು ಹೇಳಿದರು, ಆದರೆ ಗಂಡಸರ ಹೆಸರೇ ಹೆಚ್ಚು, ಇಸವಿ ಒಂದೂ ಇಲ್ಲ. ಒಂದು ಚೀಲ ಜೋಳ, ಐನೂರು ರೂಪಾಯಿ ಕೊಟ್ಟೆ. ಅಣ್ಣತಮ್ಮಂದಿರ ಕ್ರಮ ಮಾತ್ರ ಕಡತದ ಜೊತೆ ಸರಿಯಾಗಿ ಕೂಡಿತು. ಯಾತ್ರೆಗೆ ಬಂದವರ ಹೆಸರು ಬರೆದಿಡುವ ತ್ರ್ಯಂಬಕೇಶ್ವರದ ಪುರೋಹಿತರ ವಹಿಯಲ್ಲೂ ನೋಡಿಸಿದೆ, ನಮ್ಮ ಮನೆತನದವರು ಅಲ್ಲಿಗೆ ಹೋದಂತಿಲ್ಲ. ಮೂರು ದಿನ, ಆರು ಸಾವಿರ ನೀರಿಗೆ ಹೋಯಿತು.

ಎಲ್ಲ ಸೇರಿ ಹದಿನೆಂಟು ಸಾವಿರ ಆಗಿರಬೇಕು. ದಂಡ ಬಿದ್ದದ್ದನ್ನು ಬಿಟ್ಟರೆ ನಿಜವಾಗಿ ಬೇಕಾಗಿದ್ದು ಎಂಟು ಸಾವಿರ. ಇದೇ ದಾರಿಯಲ್ಲಿ ಆಮೇಲೆ ನಾಲ್ಕು ಮನೆತನದ ಕಾಗದ ತೆಗೆಸಿಕೊಟ್ಟಿದ್ದೇನೆ, ಮೂರರಲ್ಲಿ ಗೆದ್ದೆ. ಪಾಲು ಕೇಳ್ತಾನೆ ಅಂದಿದ್ದ ಕಾಕಾನ ಮಗನೇ ಹೋದ ತಿಂಗಳು ತನ್ನ ಬೀಗರ ಪಹಣಿ ಹಿಡಕೊಂಡು ಬಂದಿದ್ದ.

ಸೋತದ್ದು ನನ್ನ ಹೆಂಡತಿಯ ತವರಿನ ಕಡತದಲ್ಲಿ. ಚಿಟಗುಪ್ಪ ಕಡೆಯ ಊರು, ಪಾಯಗಾ ಇಲಾಖೆಯದು, ಅಂದರೆ ನಿಜಾಮನ ದೊಡ್ಡ ಸರದಾರರ ಜಾಗೀರು. ನಮ್ಮೂರಿನಂತೆ ದಿವಾನಿ, ಅಂದರೆ ನೇರ ಸರ್ಕಾರದ, ಹಳ್ಳಿಯಾಗಿದ್ದರೆ ತಹಸೀಲಿನಲ್ಲೇ ಇರುತ್ತಿತ್ತು. ಪಾಯಗಾದವರದ್ದು ಅವರದೇ ಕಚೇರಿ, ಅವರದೇ ಅಮಲದಾರರು, ಜಾಗೀರು ರದ್ದಾದದ್ದು 1949ರಲ್ಲಿ. ಅದರ ಹಿಂದಿನ ಕಾಗದಕ್ಕೆ ಹೈದರಾಬಾದಿನ ತಾರ್ನಾಕಾ ದಫ್ತರಖಾನೆಯಲ್ಲಿ ಕೂತು ನೋಡಬೇಕು. ಮಾಸ್ತರರೂ ಬರ್ತೀನಿ ಅಂದಿದ್ದಾರೆ. ಈ ಸಲದ ಎಳ್ಳಮಾಸಿ ಮುಗಿಸಿಕೊಂಡು, ಉಳಿದ ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊರಡುವುದು.